ಶನಿವಾರ ಸ್ಕೂಟರ್ ತೆಗೀಬೇಡಿ ಅಪ್ಪ

ಲೆಸ್ಟರ್, ಇಂಗ್ಲೆಂಡ್, ಭಾನುವಾರ ರಾತ್ರಿ

ಅಪ್ಪ, ಅಮ್ಮ, ಇಬ್ಬರಿಗೂ ನಮಸ್ಕಾರ.

ನಾನು ಚೆನ್ನಾಗಿದೀನಿ ಅಂತ ಮೊದಲೇ ಹೇಳ್ಬಿಡ್ತೀನಿ, ಇಲ್ದಿದ್ರೆ ಅಮ್ಮ ಮಿಕ್ಕಿದ್ದು ಓದೋದೇ ಇಲ್ಲ. ಫೋನಲ್ಲೇ ಹೇಳೋಣ ಅಂತ ಮೂರು ವಾರದಿಂದ ನೋಡ್ತಿದೀನಿ, ಆಗ್ತಾನೇ ಇಲ್ಲ. ಅಪ್ಪ ನೀವು "ಊಟ ಆಯ್ತೇನೋ, ಮಳೆ ಇದ್ಯಾ ಅಲ್ಲಿ" ಅಂತ ಎರಡು ಪ್ರಶ್ನೆ ಕೇಳಿ ಫೋನ್ ಅಮ್ಮನ ಕೈಗೆ ದಾಟಿಸಿಬಿಡ್ತೀರ, ಅಮ್ಮ ನೀನು ಫೋನನ್ನ ಫ್ಯಾನ್ ಕಡೆ ತಿರುಗಿಸ್ಕೊಂಡು ಮತ್ತೀಕೆರೆ ಸುದ್ದಿಯೆಲ್ಲಾ ಹೇಳ್ತೀಯ, ನಾನು ಅರ್ಧ ಗಂಟೆ ಫ್ಯಾನ್ ನೋಡ್ಕೊಂಡು ಹೂಂ ಹೂಂ ಅಂತೀನಿ, ಅಷ್ಟರಲ್ಲಿ ಕುಕ್ಕರ್ ಕೂಗುತ್ತೆ, ಮುಗೀತು. ಅದಕ್ಕೆ ಟೈಪ್ ಮಾಡಿ ಕಳಿಸ್ತಿದೀನಿ. ಸೀನ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ತಂದ್ಕೊಡ್ತಾನೆ. ಒಂದೇ ಸಲಕ್ಕೆ ಓದೋಕಾಗ್ದಿದ್ರೆ ಎರಡು ದಿನ ಇಟ್ಕೊಂಡು ಓದಿ, ಆದ್ರೆ ಶನಿವಾರದ ಒಳಗೆ ಮುಗಿಸಿ.

ಮೊದಲನೇ ವಿಷಯ, ನಂಗೂ ಶುಗರ್ ಇದೆ. ಒಂದೂವರೆ ವರ್ಷ ಆಯ್ತು. ಇಲ್ಲಿ ನಲವತ್ತು ದಾಟಿದವರನ್ನ ಎನ್‌ಎಚ್‌ಎಸ್‌ನವರು, ಅಂದ್ರೆ ಇಲ್ಲಿನ ಸರ್ಕಾರಿ ಆಸ್ಪತ್ರೆಯವರು, ತಾವೇ ಕರೆದು ಚೆಕಪ್ ಮಾಡ್ತಾರೆ, ಐದು ವರ್ಷಕ್ಕೊಂದ್ಸಲ, ಅದರಲ್ಲಿ ಸಿಕ್ಕಿಬಿದ್ದೆ. ಹೇಳಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಹೇಳಿದ್ರೆ ಅಮ್ಮ ಮೆಂತ್ಯದ ಪುಡಿ, ಹಾಗಲಕಾಯಿ ಪುಡಿ, ನೇರಳೆ ಬೀಜದ ಪುಡಿ ಅಂತ ಮೂರು ಕೆಜಿ ಪಾರ್ಸೆಲ್ ಕಳಿಸ್ತೀಯ, ಅಪ್ಪ "ನಮ್ಮ ವಂಶದ ಆಸ್ತಿ ಕಣೋ, ನಿಂಗೂ ಪಾಲು ಬಂತು" ಅಂತ ನಗ್ತೀರ, ಎರಡೂ ಗೊತ್ತಿದ್ದೇ ಹೇಳಲಿಲ್ಲ. ಮಾತ್ರೆ ತಗೋತಿದೀನಿ, ನಡೀತಿದೀನಿ, ಅನ್ನ ಕಮ್ಮಿ ಮಾಡಿದೀನಿ. ಅದಲ್ಲ ನಾನು ಹೇಳ್ಬೇಕಾಗಿರೋದು.

ಶುಗರ್ ಅಂತ ಗೊತ್ತಾದ ಕೆಲವೇ ವಾರಕ್ಕೆ ಮನೆಗೆ ಒಂದು ಕಾಗದ ಬಂತು, ಕಣ್ಣಿನ ಫೋಟೋ ತೆಗೆಸ್ಕೊಳ್ಳೋಕೆ ಬನ್ನಿ ಅಂತ. ಇಲ್ಲಿ ಶುಗರ್ ಇರೋ 12 ವರ್ಷ ದಾಟಿದ ಪ್ರತಿಯೊಬ್ಬರಿಗೂ ಇಂಥ ಕಾಗದ ಬರುತ್ತೆ, ಫ್ರೀ. ನಾನು ನಿಮ್ಮ ಮಗನೇ ಅಲ್ವಾ, ಫ್ರಿಜ್ ಮೇಲೆ ಮ್ಯಾಗ್ನೆಟ್ ಹಾಕಿ ಅಂಟಿಸಿ ಮರ್ತುಬಿಟ್ಟೆ. ನನ್ ಕಣ್ಣಿಗೇನಾಗಿದೆ, ದೂರದ್ದೂ ಕಾಣುತ್ತೆ ಹತ್ತಿರದ್ದೂ ಕಾಣುತ್ತೆ, ಇನ್ನೂ ಕನ್ನಡಕ ಕೂಡ ಬಂದಿಲ್ಲ ಅನ್ನೋ ಕೊಬ್ಬು. ಎರಡನೇ ಕಾಗದ ಬಂತು, ಅದನ್ನೂ ಬಿಟ್ಟೆ. ಆಮೇಲೆ ಜಿಪಿ, ಅಂದ್ರೆ ನಮ್ಮ ಏರಿಯಾ ಡಾಕ್ಟರ ಹತ್ರ ಹೋದಾಗ ಅಲ್ಲಿನ ನರ್ಸ್ ಕಂಪ್ಯೂಟರ್ ನೋಡ್ಕೊಂಡು, ಬೈದ ಹಾಗೂ ಅಲ್ಲ, ಬೈದೇ ಇದ್ದ ಹಾಗೂ ಅಲ್ಲ, "ಶುಗರ್ ನಿಮಗೆ ಇವತ್ತು ಗೊತ್ತಾಗಿರ್ಬಹುದು, ನಿಮ್ಮ ರಕ್ತನಾಳಕ್ಕೆ ಎಷ್ಟು ವರ್ಷದಿಂದ ಗೊತ್ತಿದೆಯೋ" ಅಂದ್ಲು. ನಮ್ಮ ಥರದ ಶುಗರ್ ಇದೆಯಲ್ಲ, ದೊಡ್ಡವರಾದ ಮೇಲೆ ಬರೋದು, ಅದು ಸದ್ದಿಲ್ದೆ ವರ್ಷಗಟ್ಟಲೆ ಇದ್ದು ಆಮೇಲೆ ಟೆಸ್ಟಲ್ಲಿ ಕಾಣ್ಸುತ್ತಂತೆ, ಅದಕ್ಕೇ ಗೊತ್ತಾದ ತಕ್ಷಣ ಕಣ್ಣು ನೋಡ್ಬೇಕು. ಚಿಕ್ಕ ಮಕ್ಕಳಿಗೆ ಬರುತ್ತಲ್ಲ, ಮೊದಲನೇ ದಿನದಿಂದ ಇನ್ಸುಲಿನ್ ಬೇಕಾಗೋದು, ಅದು ಶುರುವಾಗಿದ್ದು ಯಾವಾಗ ಅಂತ ಹೆಚ್ಚುಕಮ್ಮಿ ಗೊತ್ತಿರುತ್ತೆ, ಅವರಿಗೆ ಕೆಲವು ವರ್ಷ ಟೈಮ್ ಇರುತ್ತೆ.

ಹೋದೆ. ಅಲ್ಲಿ ಫೋಟೋ ತೆಗೆಯೋರು ಒಬ್ಬ ಗುಜರಾತಿ ಆಂಟಿ, ಈ ಊರಲ್ಲಿ ಅರ್ಧ ಜನ ಅವರೇ. ಮೊದಲು ಗೋಡೆ ಮೇಲಿನ ಅಕ್ಷರ ಓದಿಸಿದ್ರು, ಕೊನೇ ಸಾಲಿನ ತನಕ ಗಡಗಡ ಓದಿದೆ, ಸ್ಕೂಲಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಆಮೇಲೆ ಡ್ರಾಪ್ಸ್. ಉರಿಯುತ್ತೆ, ಈರುಳ್ಳಿ ಹೆಚ್ಚಿದಾಗಿನಷ್ಟು ಉರಿ, ಜಾಸ್ತಿ ಇಲ್ಲ. ಕಪ್ಪು ಕಣ್ಣಿನವರಿಗೆ ಪಾಪೆ ದೊಡ್ಡದಾಗೋಕೆ ಸ್ವಲ್ಪ ಹೊತ್ತು ಜಾಸ್ತಿ ಬೇಕಂತೆ, ನಂಗೆ ಇನ್ನೊಂದು ಸಲ ಹಾಕಿದ್ರು, ಇಪ್ಪತ್ತು ನಿಮಿಷ ಕೂತೆ. ಆಮೇಲೆ ಒಂದು ಮೆಷಿನ್ ಮೇಲೆ ಗಲ್ಲ ಇಟ್ಕೊಂಡು ಹಸಿರು ಚುಕ್ಕಿ ನೋಡು ಅಂತಾರೆ, ಫ್ಲ್ಯಾಶ್ ಹೊಡೆಯುತ್ತೆ, ಒಂದೊಂದು ಕಣ್ಣಿಗೆ ಎರಡೆರಡು ಫೋಟೋ. ಅಷ್ಟೇ. ಕಣ್ಣಿಗೆ ಏನೂ ಮುಟ್ಟಿಸಲ್ಲ, ಸೂಜಿ ಇಲ್ಲ. ಸ್ಕ್ರೀನ್ ಮೇಲೆ ನನ್ ಕಣ್ಣಿನ ಒಳಗು ಕಾಣ್ತಿತ್ತು ಅಪ್ಪ, ಕೆಮ್ಮಣ್ಣಿನ ನೆಲದಲ್ಲಿ ಆಲದ ಬೇರು ಹರಡಿದ ಹಾಗೆ ರಕ್ತನಾಳ, ಒಂದ್ಕಡೆ ಹುಣ್ಣಿಮೆ ಚಂದ್ರನ ಥರ ತಿಳಿ ಹಳದಿ ವೃತ್ತ, ಅದು ಕಣ್ಣಿನ ನರ ಮೆದುಳಿಗೆ ಹೊರಡೋ ಜಾಗ. ನನ್ ಒಳಗೇ ಇಷ್ಟು ದಿನ ಇದ್ದಿದ್ದನ್ನ ನಾನು ನೋಡೋಕೆ ನಲವತ್ತೊಂದು ವರ್ಷ ಬೇಕಾಯ್ತು. ಡಾಕ್ಟರು ಮೈ ಕುಯ್ಯದೆ, ಬರೀ ಬೆಳಕು ಬಿಟ್ಟು, ರಕ್ತನಾಳವನ್ನ ನೇರವಾಗಿ ಕಣ್ಣಾರೆ ನೋಡೋಕಾಗೋ ಇಂಥ ಜಾಗ ದೇಹದಲ್ಲಿ ಅಪರೂಪ ಅಂತೆ. ಇದನ್ನ ನೋಡೋ ಉಪಕರಣ ಮಾಡಿದ್ದು ಹೆಲ್ಮ್‌ಹೋಲ್ಟ್ಸ್ ಅನ್ನೋ ಜರ್ಮನಿಯವನು, 1851ರಲ್ಲಿ ಅದರ ಬಗ್ಗೆ ಪುಸ್ತಕ ಬರೆದಿದಾನೆ. ಅಂದ್ರೆ ನೂರ ಎಪ್ಪತ್ತು ವರ್ಷಕ್ಕೂ ಹಳೇ ವಿದ್ಯೆ, ನಮ್ಮನೇಲಿ ಮಾತ್ರ ಇನ್ನೂ ಬಂದಿಲ್ಲ.

ವಾಪಸ್ ಬರೋವಾಗ ಒಳ್ಳೇ ಕಾಮಿಡಿ. ಮೋಡ ಕವಿದಿದ್ದ ದಿನಾನೂ ಕಣ್ಣು ಬಿಡೋಕಾಗ್ತಿಲ್ಲ, ಫೋನಲ್ಲಿ ಅಕ್ಷರ ಕಾಣ್ತಿಲ್ಲ, ಬಸ್ ನಂಬರ್ ಕಾಣ್ತಿಲ್ಲ, ಕೊನೆಗೆ ಸ್ಕೂಲ್ ಹುಡುಗ ಒಬ್ಬನನ್ನ ಕೇಳಿ ಬಸ್ ಹತ್ತಿದೆ. ನಾಲ್ಕೈದು ಗಂಟೆ ಹಾಗೇ ಇತ್ತು. ಗಾಡಿ ಓಡಿಸ್ಬಾರ್ದು ಅಂತ ಕಾಗದದಲ್ಲೇ ಬರೆದಿರ್ತಾರೆ. ಇದನ್ನ ಯಾಕೆ ಹೇಳ್ತಿದೀನಿ ಅಂತ ಆಮೇಲೆ ಗೊತ್ತಾಗುತ್ತೆ.

ಎರಡು ವಾರ ಬಿಟ್ಟು ರಿಸಲ್ಟ್ ಬಂತು. ಎರಡು ಕಣ್ಣಲ್ಲೂ ಆರ್1. ಆರ್0 ಅಂದ್ರೆ ಏನೂ ಇಲ್ಲ, ಆರ್1 ಅಂದ್ರೆ ಶುರುವಾಗಿದೆ, ಆರ್3 ಅಂದ್ರೆ ಅರ್ಜೆಂಟ್. ಶುಗರ್ ಜಾಸ್ತಿ ಇದ್ದೂ ಇದ್ದೂ ಸಣ್ಣ ಸಣ್ಣ ರಕ್ತನಾಳದ ಗೋಡೆ ಸೋತು ಅಲ್ಲಲ್ಲಿ ಉಬ್ಬುತ್ತಂತೆ, ಹಳೇ ಸೈಕಲ್ ಟ್ಯೂಬಿಗೆ ಗಾಳಿ ಹೊಡೆದಾಗ ಗುಳ್ಳೆ ಏಳುತ್ತಲ್ಲ ಹಾಗೆ. ಈಗ ಅಷ್ಟೇ ಇರೋದು, ಟ್ರೀಟ್‌ಮೆಂಟ್ ಬೇಡ, ಶುಗರ್ ಬಿಪಿ ಕೊಲೆಸ್ಟರಾಲ್ ಹಿಡಿತದಲ್ಲಿಟ್ಟು ವರ್ಷವರ್ಷ ಫೋಟೋ ತೆಗೆಸಬೇಕು. ಸತತ ಎರಡು ಸಲ ಪೂರ್ತಿ ಕ್ಲೀನ್ ಬಂದವರಿಗೆ ಇಂಗ್ಲೆಂಡಲ್ಲಿ 2023ರ ಅಕ್ಟೋಬರಿಂದ ಎರಡು ವರ್ಷಕ್ಕೊಂದ್ಸಲ ಮಾಡಿದಾರೆ, ನಂಗೆ ಆ ರಿಯಾಯಿತಿ ಇಲ್ಲ. ಇಲ್ಲೇ ನಿಲ್ಲದೆ ಮುಂದಕ್ಕೆ ಹೋದ್ರೆ ಆ ಗುಳ್ಳೆಯಿಂದ ನೀರು ಸೋರಿ ಕಣ್ಣಿನ ಪರದೆಯ ನಟ್ಟನಡುವೆ ಊತ ಬರುತ್ತೆ, ಓದೋದು, ಮುಖ ಗುರುತಿಸೋದು ಎಲ್ಲಾ ನಡೆಯೋದು ಆ ಜಾಗದಲ್ಲೇ. ಇಲ್ಲಾಂದ್ರೆ ರಕ್ತ ಸಾಲ್ದೆ ಪರದೆ ಹೊಸ ನಾಳ ಬೆಳೆಸ್ಕೊಳ್ಳೋಕೆ ಶುರು ಮಾಡುತ್ತೆ, ಅವು ಮಹಾ ಪುಕ್ಕಲು ನಾಳಗಳು, ಒಂದಿನ ಒಡೆದು ಕಣ್ಣೊಳಗೇ ರಕ್ತ ತುಂಬ್ಕೊಳ್ಳುತ್ತೆ. ನೋವಿಲ್ಲ ಅಪ್ಪ, ಅದೇ ಪ್ರಾಬ್ಲಮ್ಮು. ಹಲ್ಲಿನ ಥರ ನೋಯ್ದಿದ್ರೆ ಎಲ್ರೂ ಓಡ್ತಿದ್ರು.

ಕೊನೇ ಸಾಲಿನ ತನಕ ಓದಿದ ಕಣ್ಣು ಅದು. ಅಕ್ಷರ ಓದಿದ ದಿನವೇ ತೆಗೆದ ಫೋಟೋಲಿ ಆರ್1.

ಕಾಗದ ಕೈಯಲ್ಲಿ ಹಿಡ್ಕೊಂಡು ನಂಗೆ ನೆನಪಾಗಿದ್ದು ನೀವು. ನಿಮಗೆ ಶುಗರ್ ಬಂದು ಹದಿನಾರು ವರ್ಷ. ಹದಿನಾರು ವರ್ಷದಲ್ಲಿ ಒಂದ್ಸಲ ಆದ್ರೂ ಯಾರಾದ್ರೂ ಡ್ರಾಪ್ಸ್ ಹಾಕಿ ರೆಟಿನಾ, ಅಂದ್ರೆ ಕಣ್ಣಿನ ಹಿಂದಿನ ಆ ಪರದೆ, ನೋಡಿದಾರಾ ಅಂತ ಹೋದ ತಿಂಗಳು ಕೇಳಿದ್ದಕ್ಕೆ ನೀವು "2019ರಲ್ಲಿ ಎರಡೂ ಕಣ್ಣಿಗೆ ಆಪರೇಷನ್ ಆಗಿದೆಯಲ್ಲಯ್ಯ, ಲೆನ್ಸ್ ಹಾಕಿದಾರೆ, ಲೈಫ್‌ಟೈಮ್ ಗ್ಯಾರಂಟಿ" ಅಂದ್ರಿ. ಅದು ಪೊರೆ ಆಪರೇಷನ್ ಅಪ್ಪ. ಮುಂದಿನ ಗಾಜು ಮಂಜಾಗಿತ್ತು, ಬದಲಾಯ್ಸಿದ್ರು. ಹಿಂದಿನ ಪರದೆಗೂ ಅದಕ್ಕೂ ಸಂಬಂಧ ಇಲ್ಲ. ಆಪರೇಷನ್ ಟೈಮಲ್ಲಿ ಹಿಂದಕ್ಕೂ ನೋಡಿರ್ತಾರೆ ಅಂತಾನೇ ಇಟ್ಕೊಳ್ಳೋಣ, ಆಮೇಲೆ ಎಷ್ಟು ವರ್ಷ ಕಳೀತು? ನೀವು ಎಚ್‌ಎಂಟಿಲಿ ಮೂವತ್ತು ವರ್ಷ ವಾಚ್ ಬಿಚ್ಚಿದವರು. ಯಾರಾದ್ರೂ ವಾಚ್ ತಂದು "ಸಾರ್ ಗ್ಲಾಸ್ ಹೊಸದು ಹಾಕ್ಸಿದೀನಿ, ಮುಳ್ಳು ಚೆನ್ನಾಗಿ ಕಾಣುತ್ತೆ, ಅದಕ್ಕೆ ಒಳಗೆ ಎಣ್ಣೆ ಹಾಕೋದು ಬೇಡ" ಅಂದ್ರೆ ನೀವು ಏನಂತಿದ್ರಿ? ಹಿಂದಿನ ಮುಚ್ಚಳ ತೆಗೀದೆ ಒಂದು ವಾಚನ್ನೂ ನೀವು ಸರಿ ಇದೆ ಅಂತ ವಾಪಸ್ ಕೊಟ್ಟಿದ್ದು ನಾನು ನೋಡಿಲ್ಲ.

ಕನ್ನಡಕದ ಅಂಗಡೀಲಿ ವರ್ಷ ವರ್ಷ ಕಂಪ್ಯೂಟರ್ ಚೆಕಪ್ ಮಾಡಿಸ್ತೀನಿ ಅಂತೀರ. ಅದು ನಂಬರ್ ನೋಡೋ ಮೆಷಿನ್. ಗಲ್ಲ ಇಡೋದು ಒಂದೇ ಥರ ಇರೋದ್ರಿಂದ ನಾನೂ ಮೊದಲು ಅದೇ ಇದು ಅಂದ್ಕೊಂಡಿದ್ದೆ. ಎರಡೂ ನೋಡೋಕೆ ಒಂದೇ, ಕೆಲಸ ಬೇರೆ.

ಈಗ ಅರ್ಜೆಂಟ್ ಯಾಕೆ ಅಂತ ಹೇಳ್ತೀನಿ. ಜನವರೀಲಿ ನಿಮ್ಮ ಎಚ್‌ಬಿಎ1ಸಿ, ಅದೇ ಮೂರು ತಿಂಗಳ ಸರಾಸರಿ ಶುಗರ್, 10.6 ಇತ್ತು, ಇನ್ಸುಲಿನ್ ಶುರು ಮಾಡಿದ ಮೇಲೆ ನಾಲ್ಕೇ ತಿಂಗಳಲ್ಲಿ 7ಕ್ಕೆ ಬಂತು ಅಂತ ಗ್ರೂಪಲ್ಲಿ ರಿಪೋರ್ಟ್ ಫೋಟೋ ಹಾಕಿ ಲಡ್ಡು ಇಮೋಜಿ ಹಾಕಿದ್ರಿ. ನಾವೆಲ್ಲಾ ಚಪ್ಪಾಳೆ ತಟ್ಟಿದ್ವಿ. ಒಳ್ಳೇದೇ, ಬಿಡಬೇಡಿ. ಆದ್ರೆ ನನ್ ಮಾತ್ರೆ ಹೆಚ್ಚು ಮಾಡುವಾಗ ಆ ನರ್ಸ್ ಮೊದಲು ಕೇಳಿದ್ದೇ "ಕಣ್ಣಿನ ಫೋಟೋ ಯಾವಾಗ ಆಗಿದೆ" ಅಂತ. ಯಾಕೆ ಅಂದ್ರೆ, ತುಂಬಾ ವರ್ಷ ಜಾಸ್ತಿ ಇದ್ದ ಶುಗರ್ ಧಡಕ್ಕನೆ ಕೆಳಗಿಳಿದ್ರೆ, ಮೊದಲೇ ರೆಟಿನಾಲಿ ತೊಂದರೆ ಇರೋರಿಗೆ ಮೊದಮೊದಲು ಕೆಲವು ತಿಂಗಳು ಅದು ಇನ್ನೂ ಕೆರಳಬಹುದಂತೆ. ಮುಂದೆ ಮುಂದೆ ಕಂಟ್ರೋಲ್‌ನಿಂದ ಕಣ್ಣಿಗೆ ಲಾಭವೇ, ಅದರಲ್ಲಿ ಎರಡು ಮಾತಿಲ್ಲ, ಆ ನಡುವಿನ ತಿಂಗಳುಗಳಲ್ಲಿ ಮಾತ್ರ ಯಾರಾದ್ರೂ ಒಳಗೆ ನೋಡ್ತಾ ಇರ್ಬೇಕು. ನೀವು ಈಗ ಸರಿಯಾಗಿ ಆ ತಿಂಗಳುಗಳಲ್ಲೇ ಇದೀರ. ಇದನ್ನ ಓದಿ ಇನ್ಸುಲಿನ್ ನಿಲ್ಲಿಸ್ಬಿಟ್ಟೀರ ಮತ್ತೆ, ನಿಮ್ಮನ್ನ ನಂಬೋ ಹಾಗಿಲ್ಲ, ಅಮ್ಮ ನೀನು ಪಕ್ಕದಲ್ಲಿ ನಿಂತು ಹಾಕಿಸು.

ತಿಪಟೂರು ದೊಡ್ಡಪ್ಪ ನೆನಪಿದೆಯಲ್ಲ. ನಂಗಾಗ ಹನ್ನೊಂದೋ ಹನ್ನೆರಡೋ ವರ್ಷ. ದಸರಾ ರಜೆಗೆ ಹೋಗಿದ್ವಿ, ಬೆಳಗ್ಗೆ ಜಗಲಿ ಮೇಲೆ ಕೂತು "ಈ ಜೇಡರ ಬಲೆ ಯಾರೂ ತೆಗೆಯಲ್ವೇನ್ರೇ ಮನೇಲಿ" ಅಂತ ಕೂಗಾಡಿದ್ರು, ದೊಡ್ಡಮ್ಮ ಕೋಲು ತಗೊಂಡು ಮೂಲೆ ಮೂಲೆ ಬಳಿದ್ರು, ಬಲೆ ಎಲ್ಲೂ ಇಲ್ಲ. ಆಮೇಲೆ ಕನ್ನಡಕ ತೊಳೆದುಕೊಟ್ರು. ಆಮೇಲೆ ದೃಷ್ಟಿ ತೆಗೆದ್ರು. ಬಲೆ ಇದ್ದಿದ್ದು ಕಣ್ಣೊಳಗೆ, ರಕ್ತ. ಬೆಂಗಳೂರಿಗೆ ಕರ್ಕೊಂಡು ಬರೋ ಹೊತ್ತಿಗೆ ಪರದೆ ಎಳ್ಕೊಂಡು ಬಿಟ್ಟಿತ್ತು, ಆಪರೇಷನ್ ಆದ ಮೇಲೂ ಒಂದು ಕಣ್ಣಲ್ಲಿ ಕೈ ಆಡಿಸಿದ್ರೆ ಗೊತ್ತಾಗೋಷ್ಟು, ಇನ್ನೊಂದರಲ್ಲಿ ಅದೂ ಇಲ್ಲ. ಆಮೇಲೆ ಹದಿಮೂರು ವರ್ಷ ಬದುಕಿದ್ರು, ಮೊಮ್ಮಕ್ಕಳನ್ನ ಮುಖ ಸವರಿ ಗುರುತು ಹಿಡೀತಿದ್ರು. ಅವರಿಗೂ ಅದಕ್ಕೆ ಹಿಂದಿನ ವಾರದ ತನಕ ಪೇಪರ್ ಓದೋಕೆ ಕಾಣ್ತಿತ್ತು ಅಪ್ಪ. ನೀವೇ ಹೇಳ್ತಿದ್ರಿ ಅದನ್ನ, ಹೆಮ್ಮೆಯಿಂದ. ಅಡ್ವಾನ್ಸ್ ಆದ್ಮೇಲೂ ಇವತ್ತು ಲೇಸರ್ ಇದೆ, ಕಣ್ಣಿಗೆ ಕೊಡೋ ಇಂಜೆಕ್ಷನ್ ಇದೆ, ಹೆಸರು ಕೇಳಿದ್ರೆ ಮೈ ಜುಂ ಅನ್ನುತ್ತೆ ನಿಜ, ಮರಗಟ್ಟಿಸಿ ಕೊಡ್ತಾರಂತೆ. ಆದ್ರೆ ಅವೆಲ್ಲಾ ಮುಖ್ಯವಾಗಿ ಇರೋದನ್ನ ಉಳಿಸೋಕೆ.

ಇಲ್ಲಿನ ಒಂದು ಲೆಕ್ಕ ಓದಿದೆ. ಇಂಗ್ಲೆಂಡ್ ಮತ್ತೆ ವೇಲ್ಸಲ್ಲಿ ದುಡಿಯೋ ವಯಸ್ಸಿನವರು ಕುರುಡಾಗೋದಕ್ಕೆ ಐವತ್ತು ವರ್ಷದಿಂದ ಶುಗರ್ರೇ ಮೊದಲನೇ ಕಾರಣ ಆಗಿತ್ತಂತೆ. 2009-10ರ ದಾಖಲೆ ತೆಗೆದು ನೋಡಿದಾಗ ಅದು ಮೊದಲನೇ ಜಾಗದಿಂದ ಕೆಳಗಿಳಿದಿತ್ತು. ಈ ಫೋಟೋ ಕಾರ್ಯಕ್ರಮವೂ ಅದಕ್ಕೊಂದು ಕಾರಣ ಇರ್ಬಹುದು ಅಂತ ಅಂದಾಜು ಮಾಡಿದಾರೆ. ಮೊದಲನೇ ಜಾಗಕ್ಕೆ ಬಂದಿದ್ದು ಏನು ಗೊತ್ತಾ, ಹುಟ್ಟಿನಿಂದ ವಂಶದಲ್ಲಿ ಬರೋ ರೆಟಿನಾ ಖಾಯಿಲೆಗಳು. ಸಂಬಂಧದಲ್ಲೇ ಮದುವೆ ಮಾಡ್ಕೊಳ್ಳೋ ನಮ್ಮಂಥವರಲ್ಲಿ ಇಂಥವು ಜಾಸ್ತಿ. ಅಮ್ಮ, ನಿಮ್ಮ ಚಿಕ್ಕಮ್ಮನ ಮಗ ಇದಾನಲ್ಲ, ಸಂಜೆಯಾದ್ರೆ ಬಾಗಿಲು ಚೌಕಟ್ಟಿಗೆ ಹೊಡ್ಕೋತಿದ್ದ, ಎಲ್ರೂ ಕ್ಯಾರೆಟ್ ತಿನ್ನಿಸಿದ್ದೇ ತಿನ್ನಿಸಿದ್ದು. ಅವನ ಮಕ್ಕಳಿಗಾದ್ರೂ ಒಂದ್ಸಲ ತೋರ್ಸಿದಾರಾ ಅಂತ ಕೇಳು. ಜಗಳ ಬೇಡ, ಸುಮ್ನೆ ಕೇಳು.

ಅಮ್ಮ, ನಿನ್ನ ಸರದಿ. ನಂಗೆ ಶುಗರ್ ಇಲ್ಲ ನಾನ್ಯಾಕೆ ಅಂತ ಈಗಾಗ್ಲೇ ಅಂದಿರ್ತೀಯ. ನಿನಗೆ ಬಿಪಿ ಇದೆ. ಹೋದ ವರ್ಷ "120 ಬಂತು, ವಾಸಿಯಾಯ್ತು" ಅಂತ ಮಾತ್ರೆ ಬಿಟ್ಟು ಆಮೇಲೆ 170 ಆಗಿ ತಲೆ ಸುತ್ತಿ ಕೂತಿದ್ದೆ, ಮರ್ತಿಲ್ಲ ನಾನು. ಬಿಪಿ ಜಾಸ್ತಿಯಾದ್ರೆ ಕಣ್ಣಿನ ಪರದೆ ಮೇಲಿನ ನಾಳ ಸಣ್ಣಗಾಗುತ್ತೆ, ಗಟ್ಟಿಯಾಗುತ್ತೆ, ಒಂದರ ಮೇಲೊಂದು ಹಾದುಹೋಗೋ ಕಡೆ ಮೇಲಿನದು ಕೆಳಗಿನದನ್ನ ಒತ್ತುತ್ತೆ. ಹಾಗೆ ಒತ್ತಿ ಒತ್ತಿ ಬ್ಲಾಕ್ ಆದ್ರೆ ಬೆಳಗ್ಗೆ ಎದ್ದಾಗ ಒಂದು ಕಣ್ಣು ಮಂಜು, ನೋವಿಲ್ಲ ಏನಿಲ್ಲ. ಮತ್ತೆ ಎರಡು ಕಣ್ಣೂ ತೆರೆದಿದ್ರೆ ಚೆನ್ನಾಗಿರೋ ಕಣ್ಣು ಕೆಟ್ಟಿರೋ ಕಣ್ಣಿನ ಕೆಲಸಾನೂ ಮಾಡ್ಕೊಂಡು ಹೋಗ್ತಿರುತ್ತೆ, ಗೊತ್ತೇ ಆಗಲ್ಲ. ಅದಕ್ಕೆ ಒಂದು ಅಭ್ಯಾಸ ಮಾಡ್ಕೊ, ಅಡುಗೆಮನೆ ಕ್ಯಾಲೆಂಡರಲ್ಲಿ ಏಕಾದಶಿ ನೋಡ್ತೀಯಲ್ಲ, ಆಗ ಒಂದೊಂದೇ ಕಣ್ಣು ಮುಚ್ಚಿ ಆ ಚೌಕಗಳನ್ನ ನೋಡು. ಗೆರೆ ನೇರವಾಗಿದೆಯಾ, ಅಂಕುಡೊಂಕಾ, ಯಾವುದಾದ್ರೂ ತಾರೀಕು ಅಳಿಸಿದ ಹಾಗಿದೆಯಾ. ಕನ್ನಡಕ ಹಾಕ್ಕೊಂಡೇ ನೋಡು. ಅರವತ್ತು ದಾಟಿದವರಿಗೆ ಪರದೆಯ ಮಧ್ಯಭಾಗ ಸವೆಯೋ ಇನ್ನೊಂದು ಖಾಯಿಲೆ ಬೇರೆ ಇದೆ, ಅದರಲ್ಲೂ ಮೊದಲು ಹೀಗೇ ಗೆರೆ ಸೊಟ್ಟಗಾಗೋದು. ಹಾಗಂತ ಕ್ಯಾಲೆಂಡರ್ ಚೆನ್ನಾಗಿ ಕಾಣುತ್ತೆ, ಡಾಕ್ಟರು ಬೇಡ ಅನ್ಬೇಡ. ಶನಿವಾರ ನೀನೂ ಡ್ರಾಪ್ಸ್ ಹಾಕಿಸ್ಕೊ.

ಸುಮತಿ ಅತ್ತೆ ವಿಷಯ ನಂಗೆ ನಿಜವಾಗ್ಲೂ ಭಯ ಇದೆ, ಯಾಕೆಂದ್ರೆ ಅವರಿಗೆ ಯಾರೂ ಹೇಳೇ ಇಲ್ಲ. ಕೀಲುವಾತಕ್ಕೆ ಎಚ್‌ಸಿಕ್ಯೂ ಮಾತ್ರೆ ಏಳು ವರ್ಷದಿಂದ ನುಂಗ್ತಿದಾರಲ್ಲ, ಕೊರೋನಾ ಟೈಮಲ್ಲಿ ಅಂಗಡೀಲಿ ಸಿಗ್ದೆ ಸೀನ ಪೇಟೆಯೆಲ್ಲಾ ಅಲೆದ ಮಾತ್ರೆ, ಹೈಡ್ರಾಕ್ಸಿಕ್ಲೋರೋಕ್ವಿನ್. ಒಳ್ಳೇ ಮಾತ್ರೆ, ಅದರಿಂದಾನೇ ಅತ್ತೆ ಇವತ್ತು ರೊಟ್ಟಿ ತಟ್ಟೋದು. ಆದ್ರೆ ವರ್ಷಗಟ್ಟಲೆ ತಗೊಂಡ್ರೆ ಕೆಲವರಲ್ಲಿ ರೆಟಿನಾ ಮೇಲೆ ಕೂತು ನಿಧಾನಕ್ಕೆ ಹಾಳು ಮಾಡುತ್ತೆ, ಆದ ಹಾನಿ ವಾಪಸ್ ಬರಲ್ಲ, ಮಾತ್ರೆ ನಿಲ್ಲಿಸಿದ್ರೂ. ಅಮೆರಿಕದ ಕಣ್ಣಿನ ಡಾಕ್ಟರುಗಳ ಅಕಾಡೆಮಿ 2016ರಲ್ಲಿ ಹೇಳಿರೋದು, ಶುರು ಮಾಡಿದ ಮೊದಲ ವರ್ಷದೊಳಗೆ ಒಂದ್ಸಲ ಕಣ್ಣು ನೋಡ್ಬೇಕು, ಐದು ವರ್ಷ ಆದ್ಮೇಲೆ ಪ್ರತಿ ವರ್ಷ, ಕಿಡ್ನಿ ತೊಂದರೆ ಇದ್ರೆ ಇನ್ನೂ ಮುಂಚೆಯಿಂದ, ಮತ್ತೆ ದಿನದ ಡೋಸು ಮೈ ತೂಕದ ಕೆಜಿಗೆ 5 ಮಿಲಿಗ್ರಾಂ ದಾಟಬಾರದು ಅಂತ. ಅತ್ತೆ ಈಗ 48 ಕೆಜಿ. ಲೆಕ್ಕಕ್ಕೆ 240 ಆಗುತ್ತೆ. ಅವರು ತಗೋತಿರೋದು 200ರದ್ದು ಎರಡು, 400. ಶುರು ಮಾಡಿದಾಗ ತೂಕ ಜಾಸ್ತಿ ಇತ್ತು, ಇಳಿದ ಮೇಲೆ ಯಾರೂ ಚೀಟಿ ತಿದ್ದಿಲ್ಲ. ತಾವಾಗೇ ಮಾತ್ರೆ ಬಿಡೋದು ಬೇಡ, ಕೀಲಿನ ಡಾಕ್ಟರಿಗೇ ಈ ಲೆಕ್ಕ ತೋರಿಸ್ಲಿ, ಕಣ್ಣಿನವರ ಹತ್ರ "ಎಚ್‌ಸಿಕ್ಯೂಗೋಸ್ಕರ ಚೆಕ್ ಮಾಡಿ" ಅಂತ ಬಾಯಿಬಿಟ್ಟು ಹೇಳ್ಲಿ, ಯಾಕಂದ್ರೆ ಅದಕ್ಕೆ ಪರದೆಯ ಪದರ ಪದರ ತೋರಿಸೋ ಒಸಿಟಿ ಸ್ಕ್ಯಾನು ಮತ್ತೆ ಚುಕ್ಕಿ ಕಂಡಾಗ ಬಟನ್ ಒತ್ತೋ ಟೆಸ್ಟು, ಎರಡೂ ಬೇಕು, ಸುಮ್ನೆ ಟಾರ್ಚ್ ಬಿಟ್ಟು ನೋಡಿದ್ರೆ ಶುರುವಿನಲ್ಲಿ ಸಿಗಲ್ಲ.

ಅಕ್ಕನ ಮಗಳು ಪುಟ್ಟಿ ನಂಬರ್ ಮೈನಸ್ ಎಂಟು ಆಯ್ತಂತೆ. ಮೈನಸ್ ಆರು ದಾಟಿದವರ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದಿರುತ್ತೆ, ಪರದೆ ಎಳೆದು ಎಳೆದು ಅಂಚಲ್ಲಿ ತೆಳ್ಳಗಾಗಿರುತ್ತೆ, ಹರಿದ್ರೂ ಹರೀಬಹುದು. ಹದಿನೇಳು ವರ್ಷದ ಹುಡುಗಿಗೆ ಹೆದರಿಸೋ ಹಾಗೆ ಹೇಳ್ಬೇಡಿ, ಇಷ್ಟು ಹೇಳಿ ಸಾಕು, ಕತ್ತಲಲ್ಲಿ ಕಣ್ಣಂಚಲ್ಲಿ ಮಿಂಚು ಹೊಡೆದ ಹಾಗಾದ್ರೆ, ಇದ್ದಕ್ಕಿದ್ದ ಹಾಗೆ ಕಪ್ಪು ಚುಕ್ಕಿ ಮಳೆ ಸುರಿದ ಹಾಗಾದ್ರೆ, ಒಂದ್ಕಡೆಯಿಂದ ನೆರಳು ಪರದೆ ಥರ ಇಳಿದ್ರೆ, ಪರೀಕ್ಷೆ ಇರ್ಲಿ ಮದುವೆ ಇರ್ಲಿ ಅವತ್ತೇ ಆಸ್ಪತ್ರೆ. ಬೇಗ ಸಿಕ್ಕಿದ್ರೆ ಹರಿದ ಜಾಗದ ಸುತ್ತ ಲೇಸರಲ್ಲಿ ಬೆಸುಗೆ ಹಾಕಿ ಕಳಿಸ್ತಾರೆ. ಲೇಸರ್ ಮಾಡ್ಸಿ ಕನ್ನಡಕ ತೆಗೆಸ್ಬಿಡ್ತೀವಿ, ಗಂಡು ನೋಡೋಕೆ ಸುಲಭ ಅಂತ ಅಕ್ಕ ಅಂತಿದ್ಲು. ಕನ್ನಡಕ ಹೋಗುತ್ತೆ, ಉದ್ದ ಕಣ್ಣು ಉದ್ದವೇ ಇರುತ್ತೆ.

ಇಷ್ಟೆಲ್ಲಾ ಓದಿ, ನಮ್ಮೂರಲ್ಲಿ ಇದೆಲ್ಲಾ ಎಲ್ಲಿ, ನೀನು ಇಂಗ್ಲೆಂಡಲ್ಲಿ ಕೂತು ಹೇಳ್ತೀಯ ಅಂತ ಅಪ್ಪ ಅನ್ನೋದು ಇಲ್ಲಿಗೇ ಕೇಳಿಸ್ತಿದೆ. ಸೀನನ ಮಗು ನೆನಪು ಮಾಡ್ಕೊಳಿ. 31 ವಾರಕ್ಕೇ ಹುಟ್ಟಿ, 1.4 ಕೆಜಿ, ಅಂಗೈಲಿ ಹಿಡಿಯೋಷ್ಟು. ತಿಂಗಳು ತುಂಬ್ದೆ ಹುಟ್ಟಿದ ಕೂಸಿಗೆ ರೆಟಿನಾದ ನಾಳ ಪೂರ್ತಿ ಬೆಳೆದಿರಲ್ಲ, ಹೊರಗೆ ಬಂದ ಮೇಲೆ ದಾರಿ ತಪ್ಪಿ ಬೆಳೀಬಹುದು. ನಮ್ಮ ದೇಶದಲ್ಲಿ 34 ವಾರಕ್ಕಿಂತ ಮುಂಚೆ ಹುಟ್ಟಿದ, ಇಲ್ಲಾ 2 ಕೆಜಿಗಿಂತ ಕಮ್ಮಿ ಇರೋ ಮಕ್ಕಳಿಗೆ ಮೂವತ್ತು ದಿನದೊಳಗೆ ಕಣ್ಣು ನೋಡ್ಬೇಕು ಅಂತಿದೆ, ತೀರಾ ಚಿಕ್ಕವಕ್ಕೆ ಇನ್ನೂ ಬೇಗ. ಇದಕ್ಕೆ ಕ್ಯಾಮೆರಾ ಹೊತ್ಕೊಂಡು ಜಿಲ್ಲೆ ಜಿಲ್ಲೆ ಸುತ್ತಿ, ಫೋಟೋನ ಇಂಟರ್ನೆಟ್ಟಲ್ಲಿ ಡಾಕ್ಟರಿಗೆ ಕಳಿಸೋ ಪದ್ಧತಿ, ಕಿಡ್‌ರಾಪ್ ಅಂತ, 2008ರಲ್ಲಿ ಶುರುವಾಗಿದ್ದು ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದಿಂದ. ಅಂದ್ರೆ ಇಲ್ಲಿನವರಿಂದ ಕಲಿಯೋದು ಮಾತ್ರ ಅಲ್ಲ, ನಮ್ಮವರೂ ಬೇರೆಯವರಿಗೆ ತೋರಿಸ್ಕೊಟ್ಟಿದಾರೆ. ಅವತ್ತು ಆ ಕೂಸಿನ ಕಣ್ಣಿಗೆ ಕ್ಲಿಪ್ ಹಾಕಿ ನೋಡ್ಬೇಕಾದ್ರೆ ಅಮ್ಮ ನೀನು ಹೊರಗೆ ನಿಂತು ಅತ್ತಿದ್ದೆ, ಅಪ್ಪ ನೀವು ಮೂರು ಸಲ ಆಟೋ ಮಾಡ್ಕೊಂಡು ಹೋಗಿದ್ರಿ, ಒಂದು ಡೇಟ್ ತಪ್ಪಿಸ್ಲಿಲ್ಲ. ಈಗ ಆ ಹುಡುಗ ನಿಮ್ಮ ಕನ್ನಡಕ ಕಿತ್ಕೊಂಡು ಓಡ್ತಾನೆ.

ಅದೇ ಆಟೋಲಿ ನೀವು ಯಾವತ್ತೂ ನಿಮಗೋಸ್ಕರ ಹತ್ತಿಲ್ಲ.

ಆಯ್ತು, ಶನಿವಾರದ ಪ್ರೋಗ್ರಾಂ. ಸೀನ ಎಂಟಕ್ಕೆ ಬರ್ತಾನೆ. ಎಲ್ಲಿಗೆ ಅನ್ನೋದು ನಿಮ್ಮಿಷ್ಟ, ರಾಜಾಜಿನಗರದ ನಾರಾಯಣ ನೇತ್ರಾಲಯ ಹತ್ರ ಆಗುತ್ತೆ, ಇಲ್ಲಾ ಸರ್ಕಾರಿನೇ ಸರಿ ಅಂದ್ರೆ ಮಿಂಟೋ, 1896ರಿಂದ ಇರೋ ಕಣ್ಣಾಸ್ಪತ್ರೆ, ಯಶವಂತಪುರದಲ್ಲಿ ಹಸಿರು ಮೆಟ್ರೋ ಹತ್ತಿದ್ರೆ ಕೆ.ಆರ್. ಮಾರ್ಕೆಟ್‌ಗೆ ನೇರ. ತಿಂಡಿ ತಿಂದು, ಮಾತ್ರೆ ಇನ್ಸುಲಿನ್ ಎಲ್ಲಾ ತಗೊಂಡೇ ಹೊರಡಿ, ಇದಕ್ಕೆ ಉಪವಾಸ ಬೇಡ. ಪೊರೆ ಆಪರೇಷನ್ ಕಾರ್ಡು ಬೀರು ಲಾಕರಲ್ಲಿ ಎಲ್‌ಐಸಿ ಬಾಂಡ್ ಕೆಳಗಿದೆ, ಅಮ್ಮಂಗೆ ಗೊತ್ತು. ಮಾತ್ರೆಗಳ ಚೀಟಿ, ಶುಗರ್ ರಿಪೋರ್ಟು ಎರಡೂ ತಗೊಳಿ. ಕೌಂಟರಲ್ಲಿ ಕಣ್ಣು ಚೆಕಪ್ ಅನ್ಬೇಡಿ, ನಂಬರ್ ನೋಡಿ ಕಳಿಸ್ಬಿಡ್ತಾರೆ. "ಹದಿನಾರು ವರ್ಷದಿಂದ ಶುಗರ್, ಡೈಲೇಟ್ ಮಾಡಿ ರೆಟಿನಾ ನೋಡ್ಬೇಕು" ಅನ್ನಿ, ಈ ಸಾಲನ್ನ ಸೀನಂಗೆ ಬಾಯಿಪಾಠ ಮಾಡ್ಸಿದೀನಿ. ಏನಾದ್ರೂ ಇದೆ ಅಂದ್ರೆ ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆಯಾ ಅಂತಾನೂ ನೋಡಿಸಿ, ಕಣ್ಣಿನ ಸಣ್ಣ ನಾಳಕ್ಕೆ ಆಗಿದ್ದು ಎಷ್ಟೋ ಸಲ ಕಿಡ್ನಿಗೂ ಆಗಿರುತ್ತೆ. ದುಡ್ಡು ಸೀನನ ಅಕೌಂಟಿಗೆ ಹಾಕಿದೀನಿ, ಅವನ ಹತ್ರ ಲೆಕ್ಕ ಕೇಳಿ ಗೋಳು ಹುಯ್ಕೋಬೇಡಿ.

ಸ್ಕೂಟರ್ ಕೀ ಅಮ್ಮನ ಹತ್ರ ಇರ್ಲಿ. ವಾಪಸ್ ಬಂದ್ಮೇಲೆ "ಈಗ ಸರಿ ಹೋಯ್ತು, ಹಾಲು ತಂದ್ಬಿಡ್ತೀನಿ" ಅಂತ ಹೊರಡ್ತೀರ, ನಂಗೊತ್ತು. ಸಾಯಂಕಾಲದ ತನಕ ಪೇಪರ್ ಆಗಲ್ಲ, ಪದಬಂಧ ಆಗಲ್ಲ, ಅಮ್ಮ ಓದಿ ಹೇಳ್ಲಿ, ನೀವು ಉತ್ತರ ಹೇಳಿ. ಮತ್ತೆ ಬಿಸಿಲು ತಡಿಯೋಕಾಗಲ್ಲ, ನನ್ ರೂಮಿನ ಮೇಲಿನ ಅರೇಲಿ ಹಳೇ ಕೂಲಿಂಗ್ ಗ್ಲಾಸ್ ಇರ್ಬೇಕು, ಸೆಕೆಂಡ್ ಪಿಯುಲಿ ಮೆಜೆಸ್ಟಿಕ್ಕಲ್ಲಿ ತಗೊಂಡು ಬಂದಿದ್ದಕ್ಕೆ "ಯಾವ ಸಿನಿಮಾದ ವಿಲನ್ನಪ್ಪಾ ನೀನು" ಅಂತ ಎರಡು ದಿನ ಬೈದಿದ್ರಲ್ಲ, ಅದೇ. ಅದನ್ನ ಹಾಕ್ಕೊಂಡು ಆಸ್ಪತ್ರೆ ಮೆಟ್ಟಿಲಿಳಿಯೋವಾಗ ಸೀನ ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕ್ತಾನೆ, ಅದಕ್ಕೆ ಒಪ್ಪಿಕೊಂಡೇ ಅವನು ಬರ್ತಿರೋದು.

ನಿಮ್ಮ ಮಗ
ಗುಂಡ